ಮಡಿನೀರಿನ ಬಾನಿ ಬರಿದಾದ ಮಂಗಳವಾರ

ಆಗಿನ ದಿನಗಳಲ್ಲಿ ಸಂಪಗಾಂವದ ನಮ್ಮ ಓಣಿಯಲ್ಲಿ ಯಾರ ಮನೆಗೆ ಜ್ವರ ಬಂದಿದೆ ಎಂದು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ನಡಿಗೆ ನೋಡಿದರೆ ತಿಳಿಯುತ್ತಿತ್ತು. ಚಿಕೂನ್‌ಗುನ್ಯಾ ಬಂದ ವರ್ಷ ಅದು, ನನಗೆ ಹತ್ತು ತುಂಬಿತ್ತು. ನಿನ್ನೆಯವರೆಗೆ ಹೆಗಲ ಮೇಲೆ ಮೂಟೆ ಹೊರುತ್ತಿದ್ದ ಗಟ್ಟಿ ಗಂಡಸರು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳವೇ ಓಣಿಯಲ್ಲಿ ಕಡಿಮೆಯಾಗಿತ್ತು, ಹೆಂಗಸರ ಮಣಿಕಟ್ಟು ಬಾತಿದ್ದವು. ಎಲ್ಲರ ಮನೆಯಲ್ಲೂ ಅನ್ನ, ಸಾರು.

ನಾವು ಮಕ್ಕಳು ಅದನ್ನೂ ಆಟ ಮಾಡಿಕೊಂಡಿದ್ದೆವು. ಒಬ್ಬಳು ಸೊಳ್ಳೆ. ಅವಳು ಮುಟ್ಟಿದವರು ಸೊಂಟ ಬಾಗಿಸಿ, ಮೊಣಕಾಲು ಹಿಡಿದು ಓಡಬೇಕು. ಕಟ್ಟೆಯ ಮೇಲೆ ಕುಳಿತ ಹಿರಿಯರು ನೋಡಿ ನಗುತ್ತಿದ್ದರು, ನಕ್ಕರೆ ಪಕ್ಕೆ ನೋಯುತ್ತವೆಂದು ನಮ್ಮನ್ನೇ ಬೈಯುತ್ತಿದ್ದರು. ಸಂಜೆಯಾದರೆ ಮನೆಮನೆಯಿಂದ ಸೆಗಣಿಯ ಕುಳ್ಳು ಮತ್ತು ಹಸಿ ಬೇವಿನಸೊಪ್ಪಿನ ಹೊಗೆ. ಒಲೆಯ ಮೇಲೆ ಅಮೃತಬಳ್ಳಿಯ ಕಷಾಯ. ಆ ಕಹಿ ವಾಸನೆ ಹಾಸಿಗೆಗೂ ಹಿಡಿದಿತ್ತು. ಆ ಕಾಲ ಕಂಡವರಿಗೆ ಇದನ್ನು ಓದುವಾಗಲೇ ಮೂಗಿಗೆ ಬಂದಿರಬೇಕು.

ನಮ್ಮದು ಪೌರೋಹಿತ್ಯದ ಮನೆ. ಜ್ವರ ಮೊದಲು ಅಜ್ಜಿಗೆ ಬಂತು, ಆಮೇಲೆ ಅಪ್ಪನಿಗೆ. ಅಪ್ಪ ಪಂಚಾಂಗದ ಹಾಳೆ ತಿರುವಲೂ ಆಗದೆ ಪಡಸಾಲೆಯಲ್ಲಿ ಮಲಗಿಬಿಟ್ಟ. ಉಳಿದದ್ದು ನಾನು ಮತ್ತು ಅವ್ವ. ಅವ್ವ ಎಂಟು ತಿಂಗಳ ಬಸುರಿ. ನನ್ನ ನಂತರ ಎರಡು ಸಲ ಅವಳಿಗೆ ಬಸಿರು ನಿಂತಿರಲಿಲ್ಲ. ಇದೊಂದು ದಡ ಸೇರಲೆಂದು ಅಜ್ಜಿ ದಿನವೂ ದೇವರ ಮುಂದೆ ಹಣೆ ಹಚ್ಚುತ್ತಿದ್ದಳು. ಬಾಣಂತನಕ್ಕೆ ತವರಿಗೆ ಕಳಿಸೋಣವೆಂದರೆ ರಾಮದುರ್ಗದಲ್ಲಿದ್ದ ತವರುಮನೆಯಲ್ಲಿಯೂ ನಾಲ್ಕೂ ಜನ ಮಲಗಿದ್ದರು.

ಪ್ರತಿ ಮಂಗಳವಾರ ಬಸುರಿಯರನ್ನು ನೋಡಲು ನರ್ಸಬಾಯಿ ಬರುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಹೆಗಲಿಗೆ ಚೀಲ, ಕಾಲಿಗೆ ಹವಾಯಿ ಚಪ್ಪಲಿ. ಊರಿಗೂರಿಗೆ ನಡೆದು ನಡೆದು ಹಿಮ್ಮಡಿ ಸೀಳಿದ್ದವು. ನಮ್ಮ ಮನೆಯಲ್ಲಿ ಅವರು ಕಟ್ಟೆ ದಾಟಿ ಒಳಗೆ ಬಂದದ್ದಿಲ್ಲ. ಅಜ್ಜಿಯ ಮಡಿ ಅಂಥದ್ದು. ಸಾಲಿಯಿಂದ ಬಂದ ನನ್ನನ್ನೂ ಬಟ್ಟೆ ಬದಲಿಸದೆ ಒಳಗೆ ಬಿಡುತ್ತಿರಲಿಲ್ಲ.

ಆ ಮಂಗಳವಾರ ಅವರು ಅವ್ವನ ಕೈಕಾಲು ನೋಡಿ, ಹೊಟ್ಟೆ ನೋಡಿ, ಅಜ್ಜಿಯ ಕಡೆಗೆ ತಿರುಗಿದರು.

"ಹಡಿಯೂ ಹೊತ್ತಿನ್ಯಾಗ ಈ ಜ್ವರ ಬಂದ್ರ ಕೂಸಿಗೂ ತಗಲತೈತ್ರಿ ಅಜ್ಜಿಯಾರ. ಇನ್ನೊಂದ ತಿಂಗಳ ನಿಮ್ಮ ಸೊಸಿಗೆ ಸೊಳ್ಳಿ ಕಡೀಬಾರದು."

ಗಟಾರಕ್ಕೆ ಪುಡಿ ಹಾಕಿಸಿದ್ದೇವೆ, ಹೊಗೆ ಹಾಕುತ್ತೇವೆ ಎಂದು ಅಜ್ಜಿ ಹೇಳಿದಳು. ಇದು ಗಟಾರದ ಸೊಳ್ಳೆ ಅಲ್ಲ, ತಿಳಿನೀರಿನಲ್ಲಿ ಹುಟ್ಟುತ್ತದೆ, ಹಗಲು ಹೊತ್ತಿನಲ್ಲಿ ಕಡಿಯುತ್ತದೆ ಎಂದರು ನರ್ಸಬಾಯಿ.

ಅಜ್ಜಿಗೆ ಅಭಿಮಾನ ಬಂತು. "ನಮ್ಮನ್ಯಾಗಿನ ನೀರಿನಷ್ಟು ತಿಳಿನೀರು ಈ ಊರಾಗ ಯಾರ ಮನ್ಯಾಗೂ ಇಲ್ಲ, ತಿಳ್ಕೊಳ್ರಿ."

"ಅದಕ್ಕ ಹೇಳಾಕತ್ತೇನ್ರಿ," ಎಂದರು ಅವರು.

ದೇವರಕೋಣೆಯ ಮೂಲೆಯಲ್ಲಿ ಒಂದು ಕಲ್ಲಿನ ಬಾನಿ ಇತ್ತು, ಮಡಿನೀರಿನದು. ಅಜ್ಜಿ ನಸುಕಿನಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಬಾವಿಯಿಂದ ತಂದು ತುಂಬುವ ನೀರು. ಜ್ವರ ಬಿಟ್ಟ ಮೇಲೂ ಬಾತ ಕೈಯಲ್ಲಿ ಸಣ್ಣ ಬಿಂದಿಗೆ ಹಿಡಿದು ನಾಲ್ಕು ಸಲ ಓಡಾಡಿ ತರುತ್ತಿದ್ದಳು. ಆ ಬಾನಿಯ ತಳ ಕಾಣಬಾರದು ಎಂಬುದು ನಮ್ಮ ಮನೆಯ ಪದ್ಧತಿ. ತಳ ಕಂಡರೆ ಮನೆಗೆ ಒಳ್ಳೆಯದಲ್ಲವಂತೆ. ಹೀಗಾಗಿ ಅರ್ಧ ಆಗುವ ಮೊದಲೇ ಮೇಲಿಂದ ಮೇಲೆ ತುಂಬುವುದು. ಕೋಣೆಯಲ್ಲಿ ಬೆಳಕು ಕಡಿಮೆ, ಅಜ್ಜಿಯ ಕಣ್ಣೂ ಮಂಜು. ಬಾನಿಯ ಬಾಯಿಗೆ ಮುಚ್ಚಿದ್ದ ತಾಮ್ರದ ತಾಟು ಒಂದು ಗೇಣು ಸಣ್ಣದು.

ನರ್ಸಬಾಯಿ, ನಾನು ಒಳಗೆ ಬರುವುದಿಲ್ಲ, ಒಂದು ತಂಬಿಗೆ ನೀರು ಹೊರಗೆ ತಂದು ಹಾಕಿ ಸಾಕು ಎಂದು ಚೀಲದಿಂದ ಬಿಳಿ ಬೋಗುಣಿ ತೆಗೆದರು. ಅಜ್ಜಿ ತಂದಳು. ಹೊಸ್ತಿಲಿನ ಒಳಗೆ ನಿಂತು, ಬೋಗುಣಿಗೆ ತಾಗದಂತೆ ಮೇಲಿನಿಂದ ಸುರಿದಳು. ನರ್ಸಬಾಯಿ ಅದನ್ನು ಕಟ್ಟೆಯ ಬಿಸಿಲಿನಲ್ಲಿ ಇಟ್ಟರು. ನಾನು ಬಗ್ಗಿ ನೋಡಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಕೂದಲಿನ ಚೂರಿನಂಥವು, ಬಾಲ ಕೊಂಕಿಸುತ್ತ ಮೇಲೆ ಬರುತ್ತಿದ್ದವು, ನನ್ನ ನೆರಳು ಬಿದ್ದ ಕೂಡಲೇ ಸರ್ರನೆ ಕೆಳಗೆ ಇಳಿಯುತ್ತಿದ್ದವು.

"ಅಜ್ಜಿ, ಹುಳಾ ಅದಾವ," ಎಂದೆ.

ಅಜ್ಜಿ ಹೊಸ್ತಿಲು ದಾಟಿ ಬಂದು ಬಹಳ ಹೊತ್ತು ನೋಡಿದಳು. ನನಗೆ ಅವಳು ಬೈಯುತ್ತಾಳೆ ಅನಿಸಿತ್ತು. ಅವಳ ದನಿ ಸಣ್ಣದಾಗಿತ್ತು. "ಇದ ನೀರಿಂದ ದಿನಾ ದೇವರಿಗೆ ಅಭಿಷೇಕ ಮಾಡೀನಲ್ಲ ನಾ."

"ದೇವರಿಗೆ ಕಡಸ್ಕೊಳ್ಳಾಕ ಮೈ ಇಲ್ರಿ ಅಜ್ಜಿಯಾರ," ಎಂದರು ನರ್ಸಬಾಯಿ. "ಸೊಸಿಗೆ ಐತಿ."

ಬರೀ ನೀರು ಚೆಲ್ಲಿದರೆ ಸಾಲದು, ಸೊಳ್ಳೆಯ ತತ್ತಿ ಕಲ್ಲಿಗೆ ಅಂಟಿರುತ್ತವೆ, ತಿಕ್ಕಿ ತೊಳೆದು ಒಣಗಿಸಬೇಕು, ಅದೂ ವಾರಕ್ಕೊಮ್ಮೆ ಎಂದು ತಿಳಿಸಿ ಹೇಳಿದರು. ಈಗ ತಿಕ್ಕುವವರು ಯಾರು? ಅಪ್ಪ ಏಳಲಾರ. ಅಜ್ಜಿಯ ಮುಷ್ಟಿ ಮಡಚುತ್ತಿರಲಿಲ್ಲ. ಓಣಿಯಲ್ಲಿ ಎಲ್ಲರದ್ದೂ ಇದೇ ಪಾಡು. ಅವ್ವ ನಾನೇ ಮಾಡುತ್ತೇನೆಂದು ಸೆರಗು ಸಿಕ್ಕಿಸಿ ಎದ್ದಳು. ನರ್ಸಬಾಯಿ ಅವಳ ತೋಳು ಹಿಡಿದು ಕೂಡಿಸಿದರು. ಅವರು ತಾವಾಗಿ ಒಳಗೆ ಬರುತ್ತೇನೆಂದು ಹೇಳಲಿಲ್ಲ. ಚೀಲವನ್ನೂ ಎತ್ತಿಕೊಳ್ಳಲಿಲ್ಲ. ಅಜ್ಜಿ ಒಮ್ಮೆ ಬೋಗುಣಿ ನೋಡಿದಳು, ಒಮ್ಮೆ ಅವ್ವನ ಹೊಟ್ಟೆ ನೋಡಿದಳು.

"ಬರ್ರಿ ಒಳಗ," ಎಂದಳು.

ಎಪ್ಪತ್ತು ವರ್ಷದ ಮಡಿ ಅದು. ಇವತ್ತು ನಾನು ಮನೆಯೊಡತಿಯಾಗಿ ಯೋಚಿಸಿದರೆ ಆ ಎರಡು ಮಾತಿನ ಭಾರ ತಿಳಿಯುತ್ತದೆ.

ನರ್ಸಬಾಯಿ ಕಾಲು ತೊಳೆದು, ಕಚ್ಚೆ ಬಿಗಿದು ಒಳಗೆ ಹೋದರು. ಅವರು ತಂಬಿಗೆಯಿಂದ ತೋಡಿ ತೋಡಿ ಕೊಡುವುದು, ನಾನು ಅಂಗಳದ ಒಣ ಮಣ್ಣಿಗೆ ಚೆಲ್ಲುವುದು. ಅಜ್ಜಿ ನೋವಿನ ಕೈಯಲ್ಲಿ ಹೊತ್ತು ತಂದ ನೀರು ಹನಿ ಉಳಿಯದೆ ಹೋಯಿತು. ತಳ ಕಂಡಾಗ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಏನೋ ಜಪಿಸುತ್ತಿದ್ದಳು. ತೆಂಗಿನ ನಾರು, ಬೂದಿ ಹಚ್ಚಿ ನರ್ಸಬಾಯಿ ಕಲ್ಲನ್ನು ತಿಕ್ಕಿದ ರೀತಿ, ತಮ್ಮ ಮನೆಯದೇ ಇರಬೇಕು ಅನ್ನುವಂತೆ. ಮುಗಿಸಿ ಕಟ್ಟೆಯ ಮೇಲೆ ಕುಳಿತವರಿಗೆ ಏಳಲಾಗಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, ತಮಗೂ ಜ್ವರ ಬಂದು ಹೋಗಿ ತಿಂಗಳಾಯಿತು ಎಂದು ಸಹಜವಾಗಿ ಹೇಳಿದರು. ಆ ಕಾಲಿನಲ್ಲೇ ಅವರು ಊರೂರು ತಿರುಗುತ್ತಿದ್ದರು. ಅಜ್ಜಿ ಒಳಗೆ ಹೋಗಿ, ಬಾತ ಕೈಯಿಂದಲೇ ಅವರಿಗೆ ಚಹಾ ಮಾಡಿ ತಂದಳು.

ಅವರು ಹೋದ ಮೇಲೆ ಅಜ್ಜಿ ಕೋಣೆಗೆ ಗೋಮೂತ್ರ ಚಿಮುಕಿಸಿದಳೋ ಇಲ್ಲವೋ ನಾನು ಕಾಣೆ. ಅವ್ವ ನನ್ನನ್ನು ಆಟಕ್ಕೆ ಹೊರಗೆ ಕಳಿಸಿದಳು.

ಆದರೆ ಮುಂದಿನ ಮಂಗಳವಾರ ಅಜ್ಜಿ ಬೆಳಗ್ಗೆಯಿಂದ ನಾಲ್ಕು ಸಲ ಬಾಗಿಲಿಗೆ ಬಂದು ಹಾದಿ ನೋಡಿದ್ದು ನನಗೆ ಗೊತ್ತು. ನರ್ಸಬಾಯಿ ಮತ್ತೆ ಬಂದು ತಿಕ್ಕಿದರು. ಮೂರನೆಯ ವಾರ ಅಪ್ಪ ಎದ್ದು ತಾನೇ ತಿಕ್ಕಿದ. ಅಜ್ಜಿ ಓಣಿಯ ಮನೆಮನೆಗೆ ಹೋಗಿ ಹಂಡೆ, ಬ್ಯಾರಲ್ ಬಗ್ಗಿ ನೋಡತೊಡಗಿದಳು. "ನಮ್ಮ ಮಡಿನೀರಾಗ ಇದ್ದಾವಂದ್ರ ನಿಮ್ಮಲ್ಲಿ ಇರೂದಿಲ್ಲೇನು?" ಎಂದು ತನ್ನ ಮನೆಯ ಗುಟ್ಟನ್ನು ತಾನೇ ಸಾರಿ ಹೇಳಿಕೊಂಡು ತಿರುಗಿದಳು. ಅದಕ್ಕೂ ಒಂದು ಗಟ್ಟಿತನ ಬೇಕು.

ಅವ್ವನಿಗೆ ಜ್ವರ ಬರಲಿಲ್ಲ. ಬೈಲಹೊಂಗಲದ ದವಾಖಾನೆಯಲ್ಲಿ ತಂಗಿ ಹುಟ್ಟಿದಳು, ಎರಡೂ ಮುಕ್ಕಾಲು ಕಿಲೋ. ದೇವರು ಕೊಟ್ಟದ್ದನ್ನು ಎಣಿಸಲು ಕುಳಿತರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅವಳನ್ನು ಮನೆಗೆ ತಂದ ದಿನ ಅಜ್ಜಿ ಕೂಸನ್ನು ಮೊದಲು ನರ್ಸಬಾಯಿಯ ಉಡಿಗೆ ಹಾಕಿದಳು. ಮರುವರ್ಷ ಅವರಿಗೆ ಬೇರೆ ಕಡೆ ವರ್ಗವಾಯಿತು. ಅಜ್ಜಿ ಹೋಗಿಯೂ ಹನ್ನೆರಡು ವರ್ಷವಾಯಿತು.

ಈಗ ನಾನು ಬೈಲಹೊಂಗಲದ ಸೊಸೆ. ನೀರಿಗೆ ಮಾಳಿಗೆಯ ಮೇಲೆ ಕರಿ ಪ್ಲಾಸ್ಟಿಕ್ ಟಾಕಿ ಇದೆ, ಹತ್ತಿ ನೋಡಿದವರಿಲ್ಲ. ಮಳೆಗಾಲ ಹಿಡಿದರೆ ಡೆಂಗಿಯ ಹೆದರಿಕೆ. ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆ ಹುಡುಗಿ ತಪ್ಪದೆ ಬರುತ್ತಾಳೆ. ಬಿಸಿಲಿರಲಿ ಮಳೆಯಿರಲಿ, ಗೇಟಿನ ಆಚೆ ನಿಂತು ನೀರು ನಿಂತಿದೆಯೇ ಎಂದು ಕೇಳುತ್ತಾಳೆ. ನಾನು ಅಡುಗೆಮನೆಯ ಕಿಟಕಿಯಿಂದಲೇ ಇಲ್ಲ ಎನ್ನುತ್ತೇನೆ. ಓಣಿಯವರೆಲ್ಲ ಹಾಗೆಯೇ ಅನ್ನುತ್ತಾರೆ. ಅವಳು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ.

ನಮ್ಮ ಮನೆಯಲ್ಲಿ ಈಗ ಮಡಿ ಇಲ್ಲ. ಆದರೂ ಅವಳು ಇನ್ನೂ ಒಳಗೆ ಬಂದಿಲ್ಲ.