ಚೀಲದೊಳಗೆ ಒಂದು ಉಸಿರು

ಬಿಸಿ ಕಾಫಿಯನ್ನು ಊದಿ ಊದಿ ಕುಡಿಯುವುದು ನಮ್ಮ ಯಜಮಾನರ ಹಳೆಯ ಅಭ್ಯಾಸ. ಹಾಗೆ ಗಾಳಿಗೆ ಹೋಗುವ ಉಸಿರನ್ನು ಯಾರಾದರೂ ಜೋಪಾನವಾಗಿ ಕಟ್ಟಿ ಒಯ್ದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮುಂದೆ ಮಗ್ಗ, ಹಿಂದೆ ಸಂಸಾರ. ಮಗ್ಗದ ಸದ್ದಿನಲ್ಲಿ ತುಟಿಯ ಚಲನೆಯನ್ನೇ ಓದಿಕೊಂಡು ಬಾಳಿದ ನನ್ನ ಕಿವಿಗೆ ಅವರ ಉಸಿರು ಎಂದಾದರೂ ಬಿದ್ದಿತ್ತೋ ಇಲ್ಲವೋ, ಹೇಳಲಾರೆ. ಹೋದ ವರ್ಷ ಅವರಿಗೆ ಕೆಮ್ಮು ಹಿಡಿದು, ಮೈ ಇಳಿದು, ಎಕ್ಸ್‌ರೇಯಲ್ಲಿ ಮಬ್ಬು ಕಲೆಯೊಂದು ಕಂಡಾಗ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಕ್ಯಾನ್ಸರೋ ಕ್ಷಯವೋ ತಿಳಿಯಲು ಎದೆಗೆ ಸೂಜಿ ಹಾಕಿ ಚೂರು ತೆಗೆಯಬೇಕೆಂದರು ಡಾಕ್ಟರು. ಇವರು ಅಂಗಿಯ ಗುಂಡಿ ಹಾಕಿಕೊಂಡು ಎದ್ದೇಬಿಟ್ಟರು.

ಹೊರಗೆ ಸಂಶೋಧನೆಯ ಹುಡುಗಿಯೊಬ್ಬಳು ನಮ್ಮನ್ನು ತಡೆದಳು. ಉಸಿರಿನಲ್ಲಿ ಬೆರೆತ ಸೂಕ್ಷ್ಮ ಆವಿಗಳಿಂದಲೇ ಕಾಯಿಲೆಯನ್ನು ಗುರುತಿಸುವಂತೆ ಯಂತ್ರವೊಂದನ್ನು ಪಳಗಿಸುತ್ತಿದ್ದೇವೆ, ಒಂದು ಉಸಿರು ಕೊಡುತ್ತೀರಾ ಎಂದಳು. ಪಕ್ಕದ ಕೋಣೆಯಲ್ಲಿ ಕೂತು ಇವರು ಊದಿದರು; ಬೆಳ್ಳಿ ಬಣ್ಣದ ಚೀಲ ಮೆಲ್ಲಗೆ ಉಬ್ಬಿತು. ಆ ನಿಶ್ಶಬ್ದ ಕೋಣೆಯಲ್ಲಿ ಅವರ ಉಸಿರನ್ನು ನಾನು ಮೊದಲ ಸಲ ಕೇಳಿದೆ. ರಕ್ತದ ದಾರಿಯಲ್ಲಿ ಅಲೆದು, ಒಳಗಿನ ಸುದ್ದಿಯನ್ನೆಲ್ಲ ಹೊತ್ತು ಹೊರಬರುವ ಈ ಗಾಳಿ, ಓದುವವರಿಲ್ಲದೆ ಎಷ್ಟು ಕಾಲ ನಮ್ಮ ಸೂರಿನಡಿ ಸುಮ್ಮನೆ ಕರಗಿಹೋಯಿತೋ, ಗೆಳೆಯರೇ!

"ಇದ್ರಲ್ಲೇ ಗೊತ್ತಾಗುತ್ತಾ ಮೇಡಂ? ಸೂಜಿ ಬೇಡ್ವಾ?" ಎಂದು ಆಸೆಯಿಂದ ಕೇಳಿದರು.

"ಇಲ್ಲ ಸಾರ್, ಇದು ಇನ್ನೂ ಕಲೀತಾ ಇದೆ. ಸೂಜಿ ಪರೀಕ್ಷೆಲಿ ಏನು ಬರುತ್ತೋ ಅದನ್ನ ನಿಮ್ಮ ಉಸಿರಿನ ಜೊತೆ ಇಟ್ಟು ನೋಡಿದ್ರೇನೇ ಇದಕ್ಕೆ ಪಾಠ."

ಎಷ್ಟೋ ಜನಕ್ಕೆ ಮಗ್ಗ ಕಲಿಸಿದ ಮನುಷ್ಯ ಆ ಚೀಲವನ್ನೇ ನೋಡುತ್ತ ನಿಂತರು. "ನಾನು ಹೆದರ್ಕೊಂಡು ಮನೆಗೆ ಹೋದ್ರೆ ಅದರ ಪಾಠ ಅರ್ಧಕ್ಕೇ ನಿಲ್ತದೆ, ಅಲ್ವೇನೇ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಡಾಕ್ಟರ ಕೋಣೆಗೆ ತಿರುಗಿದರು.

ಸೂಜಿ ಪರೀಕ್ಷೆಯಲ್ಲಿ ಕ್ಷಯವೆಂದು ತಿಳಿಯಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿದರು, ಮೈ ತುಂಬಿಕೊಂಡಿತು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಚಾಪೆಯ ಮೇಲೆ ಒರಗಿದ್ದವರ ಮೂಗಿನ ಬಳಿ ಅಂಗೈ ಹಿಡಿದು ಕೂತೆ. ಉಸಿರು ಬೆಚ್ಚಗೆ ಬಂದು, ಹೋಗಿ, ಮತ್ತೆ ಬರುತ್ತಿತ್ತು.

"ಬದುಕಿದೀನಾ ಅಂತ ನೋಡ್ತಿದೀಯಾ?" ಕಣ್ಣು ತೆರೆಯದೆ ಕೇಳಿದರು.

"ಇಲ್ಲ ರೀ, ಓದ್ತಿದೀನಿ."

"ಏನ್ ಬರ್ದೈತೆ?"

"ಊಟಕ್ಕೆ ಹಸಿ ಈರುಳ್ಳಿ ಕಡ್ಕೊಂಡಿದ್ದು."

ಅವರು ಜೋರಾಗಿ ನಕ್ಕರು. ನಾನು ಕಿವಿಗೊಟ್ಟು ಕಾದೆ. ನಗುವಿನ ಹಿಂದೆ ಕೆಮ್ಮು ಬರಲಿಲ್ಲ.