ಪಟ್ಟಿಯ ನಾಲ್ಕನೆಯ ಕಾಲಂ

ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು ನಾನು. ಪರೀಕ್ಷೆಯ ಅಂಕಗಳನ್ನು ಗೋಡೆಗೆ ಅಂಟಿಸುವುದರಲ್ಲಿ ನನಗಿದ್ದ ಉತ್ಸಾಹ ನಮ್ಮ ಶಾಲೆಯಲ್ಲಿ ಇನ್ಯಾರಿಗೂ ಇರಲಿಲ್ಲ. ಫೇಲಾದವರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಮುಚ್ಚಿಟ್ಟರೆ ಅನುಮಾನ, ಬಿಚ್ಚಿಟ್ಟರೆ ನಂಬಿಕೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಹೆಂಡತಿ ಮಾತ್ರ, ನಿಮ್ಮದು ಬಾಯಲ್ಲ, ತಮಟೆ ಎನ್ನುತ್ತಿದ್ದಳು. ನನಗೆ ಅದೂ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ನಿವೃತ್ತನಾದ ಮೇಲೆ ಮೂರ್ನಾಡಿನ ಒಂದು ಸಣ್ಣ ಆರೋಗ್ಯ ಟ್ರಸ್ಟಿಗೆ ಕಾರ್ಯದರ್ಶಿಯಾದೆ. ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಒಂದು ಬಾಡಿಗೆ ಕೋಣೆ, ಎರಡು ಮೇಜು, ಒಂದು ತೂಕದ ಯಂತ್ರ, ಇಷ್ಟೇ ನಮ್ಮ ಆಸ್ತಿ. ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕಾದ ಬಡವರಿಗೆ ಭಾನುವಾರ ಭಾನುವಾರ ಬೇಳೆ, ಕಡಲೆಬೀಜ, ಮೊಟ್ಟೆ ಕೊಡುತ್ತಿದ್ದೆವು. ಮಾತ್ರೆ ಸರ್ಕಾರದ್ದು, ಅದನ್ನು ತಡೆದುಕೊಳ್ಳುವ ತ್ರಾಣ ನಮ್ಮದು ಎಂದು ಅಧ್ಯಕ್ಷರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ನಿಜವಾದ ಕೆಲಸ ಮಾಡುತ್ತಿದ್ದವರು ಒಬ್ಬ ನಿವೃತ್ತ ನರ್ಸು. ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದೆವು.

ಒಂದು ವರ್ಷ ಊರಲ್ಲಿ ಗುಸುಗುಸು ಎದ್ದಿತು. ಟ್ರಸ್ಟಿನ ಸಾಮಾನೆಲ್ಲ ಕಮಿಟಿಯವರ ತೋಟದ ಆಳುಗಳಿಗೇ ಹೋಗುತ್ತದೆ ಎಂದು ಚಹಾದಂಗಡಿಯಲ್ಲಿ ಯಾರೋ ಅಂದರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಮಿಟಿಯ ಇಬ್ಬರು ಅವತ್ತೇ ಸಭೆ ಕರೆಯಿರಿ ಎಂದು ಫೋನ್ ಮಾಡಿದರು. ಪರಿಹಾರ ನನ್ನ ಬಳಿ ಸಿದ್ಧವಾಗಿತ್ತು. ಪಟ್ಟಿ ಹಾಕೋಣ, ಬೋರ್ಡಿನಲ್ಲಿ, ಬಸ್ಸಿಗೆ ಕಾಯುವವರೆಲ್ಲ ಓದಲಿ ಎಂದೆ. ಒಂದನೆಯ ಕಾಲಂ ಹೆಸರು, ಎರಡು ತೋಟ ಮತ್ತು ಆಳುಗಳ ಲೈನ್ ಮನೆ, ಮೂರು ಕೊಟ್ಟ ಸಾಮಾನು, ನಾಲ್ಕು ಕಾಯಿಲೆ. ಎಲ್ಲರೂ ತಲೆಯಾಡಿಸಿದರು. ಸಿಸ್ಟರ್ ಮಾತ್ರ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತಾ, "ಮೇಷ್ಟ್ರೇ, ಕಾಯಿಲೆ ಹೆಸ್ರೂ ಹಾಕ್ಬೇಕಾ?" ಎಂದು ಕೇಳಿದರು.

ನಾನು ಅವರ ಮೇಲೆ ರೇಗಿದೆ. ಕಾಯಿಲೆ ಬರೆಯದಿದ್ದರೆ ಆರೋಗ್ಯವಂತರಿಗೆ ಕೊಟ್ಟಿಲ್ಲ ಎಂದು ತೋರಿಸುವುದು ಹೇಗೆ ಎಂದೆ. ಮುಚ್ಚುಮರೆ ಬೇಕಾಗಿರುವುದು ಕಳ್ಳರಿಗೆ ಎಂದೂ ಸೇರಿಸಿದೆ. ಅವರು ಪೆನ್ನು ಚೀಲಕ್ಕೆ ಹಾಕಿಕೊಂಡರು.

ಪಟ್ಟಿಯಲ್ಲಿ ಏಳನೆಯ ಹೆಸರು ಒಬ್ಬ ಹೆಂಗಸಿನದು. ಹಾಸನದ ಕಡೆಯಿಂದ ಬಂದು ಹತ್ತಿರದ ಒಂದು ಎಸ್ಟೇಟಿನ ಲೈನಿನಲ್ಲಿದ್ದವಳು. ಗಂಡ ತೀರಿಕೊಂಡಿದ್ದ, ಕಾಲೇಜಿಗೆ ಹೋಗುವ ಮಗಳಿದ್ದಳು. ಕಾಫಿ ಪಿಕ್ಕಿಂಗಿನಲ್ಲಿ ಆಕೆಯ ಕೈ ಚುರುಕು ಎಂದು ಅಲ್ಲಿ ಆಳುಗಳ ಹಾಜರಿ ಬರೆಯುವ ರೈಟರೇ ಹೇಳಿದ್ದ. ಭಾನುವಾರ ಎಲ್ಲರೂ ಹೋದ ಮೇಲೆ ಬರುತ್ತಿದ್ದಳು, ಸೆರಗಿನಲ್ಲಿ ಚೀಲ ಮುಚ್ಚಿಕೊಂಡು ಹೋಗುತ್ತಿದ್ದಳು. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ. ಮೊಟ್ಟೆ ನೀನೇ ತಿನ್ನುತ್ತೀಯೋ ಮಗಳಿಗೆ ಕೊಡುತ್ತೀಯೋ ಎಂದು ನಾನು ಗದರಿದರೆ, ಅರ್ಧ ಅರ್ಧ ಮೇಷ್ಟ್ರೇ ಎಂದು ನಗುತ್ತಿದ್ದಳು. ನಾಲ್ಕು ತಿಂಗಳಲ್ಲಿ ಕೆನ್ನೆ ತುಂಬಿಕೊಂಡಿತ್ತು. ತೂಕದ ಯಂತ್ರದ ಮೇಲೆ ನಿಂತು ಮುಳ್ಳು ಎಲ್ಲಿಗೆ ಬಂತು ಎಂದು ಬಗ್ಗಿ ನೋಡುತ್ತಿದ್ದಳು. ಇನ್ನು ಎರಡೇ ತಿಂಗಳು ಎಂದು ಸಿಸ್ಟರ್ ಬೆರಳು ಮಡಚಿ ತೋರಿಸುತ್ತಿದ್ದರು.

ಪಟ್ಟಿಯನ್ನು ನಾನೇ ಬರೆದೆ. ನನ್ನ ಅಕ್ಷರ ದುಂಡಗೆ, ದೂರದಿಂದಲೂ ಓದಬಹುದು. ಬರೆದು ಅಂಟಿಸಿ, ಅದರ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಸಂಜೆಯವರೆಗೆ ಶಭಾಷ್‌ಗಿರಿ ಬರುತ್ತಲೇ ಇತ್ತು. ಚಹಾದಂಗಡಿಯ ಬಾಯಿ ಮುಚ್ಚಿತು.

ಮುಂದಿನ ಭಾನುವಾರ ಆಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸ್ವಲ್ಪ ಹುಷಾರಾದ ಕೂಡಲೇ ಇವರಿಗೆ ಉಡಾಫೆ ಎಂದು ನಾನು ಬೈದೆ. ಸಿಸ್ಟರ್ ಆಟೋ ಕರೆದರು. ಇಬ್ಬರೂ ಲೈನಿಗೆ ಹೋದೆವು.

ಮನೆಗೆ ಬೀಗ. ಪಕ್ಕದ ಮನೆಯವಳು ಪಾತ್ರೆ ತಿಕ್ಕುತ್ತಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೋರ್ಡು ನೋಡಿದ ಮೇಲೆ ನಲ್ಲಿಯ ಹತ್ತಿರ ಆಕೆಯ ಕೊಡ ಬೇರೆ ಇಡಿಸಿದರಂತೆ. ಆಕೆಯ ಜೊತೆ ಒಂದೇ ಸಾಲಿನಲ್ಲಿ ಹಣ್ಣು ಕೊಯ್ಯುವುದಿಲ್ಲ ಎಂದು ನಾಲ್ಕೈದು ಜನ ರೈಟರನಿಗೆ ಹೇಳಿದರಂತೆ. ಅವನು ಸ್ವಲ್ಪ ದಿವಸ ರಜೆ ತಗೋ ಅಂದನಂತೆ. ನಾಲ್ಕು ತಿಂಗಳು ಮಾತ್ರೆ ತಗೊಂಡವಳು, ಆಕೆಯಿಂದ ಯಾರಿಗೂ ಅಂಟುತ್ತಿರಲಿಲ್ಲ ಎಂದು ಸಿಸ್ಟರ್ ವಿವರಿಸುತ್ತಾ ಹೋದರು. ಪಕ್ಕದ ಮನೆಯವಳು ಕೇಳಿಸಿಕೊಂಡು, "ಅದೆಲ್ಲ ಬೋರ್ಡಲ್ಲಿ ಇರ್ಲಿಲ್ಲವಲ್ಲ" ಅಂದಳು.

ಅವತ್ತೇ ಹೋಗಿ ಪಟ್ಟಿ ಕಿತ್ತೆ. ಗೋಂದು ಚೆನ್ನಾಗಿ ಹಿಡಿದಿತ್ತು, ಉಗುರಿನಿಂದ ಕೆರೆಯಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಫೋನಿನಲ್ಲಿ ಹೋದ ಫೋಟೋವನ್ನು ಎಲ್ಲಿಂದ ಕೆರೆಯುವುದು?

ಆಕೆ ಮಗಳನ್ನು ಕರೆದುಕೊಂಡು ಸೋಮವಾರಪೇಟೆಯ ಆಚೆ ಅಕ್ಕನ ಮನೆಗೆ ಹೋಗಿದ್ದಾಳೆಂದು ತಿಳಿಯಲು ಒಂದೂವರೆ ತಿಂಗಳು ಹಿಡಿಯಿತು. ಸಿಸ್ಟರ್ ಜೊತೆ ಬಸ್ಸಿನಲ್ಲಿ ಹೋದೆ. ಜಗುಲಿಯ ತುದಿಯಲ್ಲಿ ಕೂತಿದ್ದಳು. ಕೆನ್ನೆ ಮತ್ತೆ ಒಳಗೆ ಹೋಗಿತ್ತು. ಅಕ್ಕನ ಮನೆಯವರಿಗೂ ಗೊತ್ತಾದೀತೆಂದು ಅಲ್ಲಿಯ ಆಸ್ಪತ್ರೆಗೆ ಹೋಗಿಯೇ ಇರಲಿಲ್ಲ. ತಂದಿದ್ದ ಮಾತ್ರೆ ಮುಗಿದು ತಿಂಗಳಾಗಿತ್ತು. ತಪ್ಪಾಯಿತು ಎಂದೆ. ಅಷ್ಟು ಸುಲಭವಾಗಿ ಆ ಮಾತು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

"ನೀವು ಬರ್ದಿದ್ದು ಸುಳ್ಳಲ್ಲ ಬಿಡಿ ಮೇಷ್ಟ್ರೇ," ಅಂದಳು. ಸ್ವಲ್ಪ ಕೆಮ್ಮಿ, ಬಾಯಿಗೆ ಸೆರಗು ಹಿಡಿದು, ಮತ್ತೆ ಹೇಳಿದಳು: "ಪಕ್ಕದಲ್ಲೇ ದಾನ ಕೊಟ್ಟೋರ ಪಟ್ಟೀನೂ ಹಾಕಿದ್ರಿ. ಅದ್ರಲ್ಲಿ ಒಬ್ರ ಹೆಸ್ರು ಇರ್ಲಿಲ್ಲ, ಹಿತೈಷಿ ಅಂತ ಬರ್ದಿದ್ರಿ. ಅವ್ರು ಬೇಡ ಅಂದಿದ್ರೇನೋ. ನನ್ನೂ ಒಂದ್ ಮಾತು ಕೇಳ್ಬೋದಿತ್ತು."

ಆ ಹಿತೈಷಿ ಒಬ್ಬ ಪ್ಲಾಂಟರು. ನೆಂಟರೆಲ್ಲ ಸಹಾಯ ಕೇಳಿಕೊಂಡು ಬರುತ್ತಾರೆ, ಹೆಸರು ಬೇಡ ಅಂದಿದ್ದರು. ಮರುಮಾತಿಲ್ಲದೆ ಒಪ್ಪಿದ್ದೆ. ಕೊಡುವವರ ಸಂಕೋಚಕ್ಕೆ ನನ್ನಲ್ಲಿ ಜಾಗವಿತ್ತು, ಪಡೆಯುವವರಿಗೂ ಸಂಕೋಚವಿರುತ್ತದೆ ಎಂಬುದು ತಲೆಗೇ ಹೊಳೆದಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಸಿಸ್ಟರ್ ಕಿಟಕಿಯ ಕಡೆ ನೋಡುತ್ತಿದ್ದರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಸಿಸ್ಟರೇ ಓಡಾಡಿ ಅಲ್ಲಿಯೇ ಚಿಕಿತ್ಸೆ ಮತ್ತೆ ಶುರು ಮಾಡಿಸಿದರು. ತಡವಾಗಿತ್ತು. ಎರಡು ತಿಂಗಳ ನಂತರ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ವಾರ್ಷಿಕ ಸಭೆ ಹತ್ತಿರ ಬಂತು. ವರದಿಯ ಕರಡಿನಲ್ಲಿ 'ಚಿಕಿತ್ಸೆ ಬಿಟ್ಟವರು: ಒಬ್ಬರು. ಕಾರಣ: ವಲಸೆ' ಎಂದಿತ್ತು. ವಲಸೆ ಎಂಬುದನ್ನು ಹೊಡೆದು, 'ಟ್ರಸ್ಟ್ ಪ್ರಕಟಿಸಿದ ಪಟ್ಟಿ. ಹೊಣೆ ಕಾರ್ಯದರ್ಶಿಯದು' ಎಂದು ಬರೆದೆ. ಅಧ್ಯಕ್ಷರು ಮನೆಗೇ ಬಂದರು. ದಾನಿಗಳು ಓದುತ್ತಾರೆ ಮೇಷ್ಟ್ರೇ ಎಂದರು. ಓದಲಿ ಎಂದೆ. ಕಾಫಿ ಮುಟ್ಟದೆ ಎದ್ದು ಹೋದರು. ಆಕೆಯ ಫೋಟೋ ಇಟ್ಟು ಎರಡು ನಿಮಿಷ ಮೌನ ಆಚರಿಸೋಣ ಎಂದು ಕಮಿಟಿಯವರು ತೀರ್ಮಾನಿಸಿದರು.

ಸಭೆಯ ಹಿಂದಿನ ದಿನ ಮಗಳು ಬಂದಳು. ಗೇಟಿನ ಹೊರಗೇ ನಿಂತಳು, ಒಳಗೆ ಕರೆದರೂ ಬರಲಿಲ್ಲ.

"ಅಮ್ಮನ ಫೋಟೋ ಇಡ್ಬೇಡಿ ಸಾರ್. ಹೆಸ್ರೂ ಹೇಳ್ಬೇಡಿ. ನಾನು ಮತ್ತೆ ಆ ಲೈನಿಗೇ ಬಂದಿದೀನಿ, ಅಲ್ಲೇ ಇರ್ಬೇಕು."

ಆಗಲಿ ಎಂದೆ.

ಮರುದಿನ ವರದಿ ಓದಿದೆ. ಹೊಣೆ ನನ್ನದು ಎಂಬ ಸಾಲನ್ನು ಎರಡು ಸಲ ಓದಿದೆ. ಕೆಲವರು ಚಪ್ಪಾಳೆ ತಟ್ಟಿದರು, ಎಂಥ ಪ್ರಾಮಾಣಿಕ ಮನುಷ್ಯ ಎಂದು. ರಾಜೀನಾಮೆಯ ಕಾಗದವನ್ನು ಮೇಜಿನ ಮೇಲಿಟ್ಟು ವೇದಿಕೆಯಿಂದ ಕೆಳಗಿಳಿದೆ. ಆಮೇಲೆ, ಈ ವರ್ಷ ಅಗಲಿದವರೊಬ್ಬರಿಗಾಗಿ ಎಂದು ಅಧ್ಯಕ್ಷರು ಹೇಳಿದಾಗ ಎಲ್ಲರೂ ಎದ್ದು ನಿಂತೆವು. ಎದುರಿಗೆ ಫೋಟೋ ಇರಲಿಲ್ಲ. ಎರಡು ನಿಮಿಷ ಮುಗಿದು ಕುರ್ಚಿಗಳ ಸದ್ದಾಗುವಾಗ, ಪಕ್ಕದಲ್ಲಿದ್ದ ಪರಿಚಯದವರು ಬಗ್ಗಿ, ಯಾರು ಮೇಷ್ಟ್ರೇ ಹೋದದ್ದು, ಯಾವ ತೋಟದವರು, ಏನಾಗಿತ್ತು ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಆಕೆಗಾಗಿ ನಾನು ಮಾಡಿದ್ದು ಅಷ್ಟೇ.