ಅಶ್ತಾಳ ಮನೆ ಹೊಕ್ಕ ಒನೊರಿನ್

ರಾಜಧಾನಿ ಬಾಂಗಿಯಿಂದ ಬರುವ ರಸ್ತೆ ನಮ್ಮೂರಲ್ಲಿ ಕವಲೊಡೆಯುತ್ತದೆ. ಒಂದು ಚಾಡ್ ಕಡೆಗೆ, ಇನ್ನೊಂದು ಕ್ಯಾಮರೂನ್ ಕಡೆಗೆ. ಆ ಕವಲಿನಲ್ಲಿ ಒನೊರಿನ್ ಬೋಂಡ ಕರಿಯುತ್ತಾಳೆ, ಪಕ್ಕದಲ್ಲಿ ನಾನು ಕಡಲೆಕಾಯಿ ಮಾರುತ್ತೇನೆ. ಊರು ಅವಳನ್ನು ಕಳ್ಳಿ ಎನ್ನುತ್ತದೆ. ಹಾಗೆನ್ನುವವರ ಮಾಡಿನ ತಗಡು ಯಾರದೆಂದು ನಾನು ಕೇಳಿದರೆ ಮಾತ್ರ ಎಲ್ಲರಿಗೂ ಕೆಮ್ಮು ಬರುತ್ತದೆ.

ಮೊದಲು ಉತ್ತರದ ಬಂದೂಕಿನವರು ಬಂದು ಚರ್ಚಿಗೆ ಹೋಗುವವರನ್ನು ಕೊಂದರು. ಒನೊರಿನಳ ಗಂಡ ಸತ್ತದ್ದು ಆಗಲೇ. ಅವರು ಓಡಿದ ಮೇಲೆ ನಮ್ಮದೇ ಹುಡುಗರು ತಾಯಿತ ಕಟ್ಟಿಕೊಂಡು, ಮಚ್ಚು ಹಿಡಿದು ಮಸೀದಿಗೆ ಹೋಗುವವರ ಮೇಲೆ ಬಿದ್ದರು. ಒನೊರಿನಳ ನೆರೆಯವಳು, ಹಾಲು ಮಾರುವ ಅಶ್ತಾ, ಉಟ್ಟ ಬಟ್ಟೆಯಲ್ಲೇ ಚಾಡಿನ ಲಾರಿ ಹತ್ತಿದಳು. "ಅಕ್ಕಾ, ಮನೆ!" ಎಂದು ಮೇಲಿನಿಂದ ಕೂಗಿದ್ದು ನನಗೂ ಕೇಳಿಸಿತು.

ಖಾಲಿ ಮನೆಯೆಂದರೆ ಆಗ ಬಾಗಿಲು, ತಗಡು, ಕೊನೆಗೆ ಇಟ್ಟಿಗೆಯೂ ಮಾಯ. ಒನೊರಿನ್ ಅವತ್ತೇ ತನ್ನ ಗಂಟುಮೂಟೆ ಹೊತ್ತು ಅಶ್ತಾಳ ಮನೆ ಹೊಕ್ಕಳು. ಹಾರೆ ಹಿಡಿದು ಹುಡುಗರು ಬಂದಾಗ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು.

"ಇದನ್ನ ನಾನು ಆಗ್ಲೇ ಹೊಡ್ಕೊಂಡಾಯ್ತು ಕಣ್ರೋ. ನನ್ ಗಂಡನ ಜೀವಕ್ಕೆ ಬದ್ಲು. ನಿಮಗೆ ಬೇರೆ ಮನೆ ಸಿಗ್ಲಿಲ್ವಾ?"

"ಭಲೇ ಅಮ್ಮಾ! ನಮಗಿಂತ ಮುಂದೆ ಇದೀಯಲ್ಲ!" ಎಂದು ನಕ್ಕು ಹೋದರು. ತಮ್ಮವರು ದೋಚಿದ್ದನ್ನು ಮತ್ತೆ ದೋಚಬಾರದು ಎಂಬುದೊಂದೇ ಆ ಪಾಪಿಗಳಲ್ಲಿ ಉಳಿದಿದ್ದ ಮರ್ಯಾದೆ.

ಅಶ್ತಾಳಿಗಾಗಿ ಕಾಯುತ್ತಿದ್ದೇನೆಂದು ನಿಜ ಹೇಳಿದ್ದರೆ ಮನೆ ಉಳಿಯುತ್ತಿರಲಿಲ್ಲ. ಅದಕ್ಕೇ ಅವಳು ಬೈಗುಳ ನುಂಗಿಕೊಂಡಳು. ಒಂದೇ ಚಿಂತೆ ಅವಳನ್ನು ತಿನ್ನುತ್ತಿತ್ತು: ಈ ಸುದ್ದಿ ಚಾಡ್ ಮುಟ್ಟಿ ಅಶ್ತಾ ನಂಬಿಬಿಟ್ಟರೆ?

ಎಷ್ಟೋ ವರ್ಷಗಳ ಮೇಲೆ ಅಶ್ತಾ ಒಬ್ಬಳೇ ಮರಳಿದಳು. ನಾನು ಅಂಗಳದಲ್ಲೇ ಇದ್ದೆ. ತನ್ನದೇ ಮನೆಯ ಮುಂದೆ ನಿಂತು, "ಒಳಗೆ ಬರಬಹುದಾ?" ಎಂದಳು.

ಒನೊರಿನ್ ಒಳಗೋಡಿದಳು. ತನ್ನ ಸಾಮಾನು ಎತ್ತಿ ಹೊರಗಿಡತೊಡಗಿದಳು. "ಊರವ್ರು ಏನಾದ್ರೂ ಹೇಳ್ಲಿ, ನಿನ್ ಮನೇನ ನಾನು ಕದ್ದಿಲ್ಲ ಕಣೇ."

ಅಶ್ತಾ ಬಾಗಿಲು ತಡವಿದಳು, ತಲೆಯೆತ್ತಿ ತಗಡು ನೋಡಿದಳು. ಅವಳ ಜನರ ಮನೆಗಳಲ್ಲಿ ಆ ಬೀದಿಯಲ್ಲಿ ನಿಂತಿದ್ದು ಅದೊಂದೇ. ಅತ್ತಳು. ಆಮೇಲೆ ಸಾಮಾನನ್ನೆಲ್ಲ ಮತ್ತೆ ಒಳಗೆಳೆದಳು.

"ಗೊತ್ತು ಅಕ್ಕಾ. ನೀನೆಲ್ಲಿಗೆ ಹೊರಟೆ?"

ರಸ್ತೆಯಲ್ಲಿ ತಾಯಿತ ಕಟ್ಟಿದ ಇಬ್ಬರು ಬೈಕ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅಶ್ತಾ ದನಿ ತಗ್ಗಿಸಿದಳು.

"ಮನೆ ನಿಂದೇ ಅಂತ ಹೇಳ್ತಾ ಇರು. ನಾನು ಬಾಡಿಗೆಗೆ ಬಂದಿದೀನಿ ಅನ್ನು."